ಪೀಸ್‌ಗಳ ಅಳತೆ ಹತೋಟಿಗೆ ತರಲು ಕನ್ಸಲ್ಟೆಂಟ್ ಕರೆಸೋದಾ, ನಮ್ಮವರಿಗೇ ಕಂಟ್ರೋಲ್ ಚಾರ್ಟ್ ಕಲಿಸೋದಾ?

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಿಮ್ಮ ಲೇತ್ ಶಾಪಿಗೆ ಖರ್ಚಿನಲ್ಲಿ ಸ್ವಂತ ಚಾರ್ಟೇ (ಅಳತೆ ಹತೋಟಿಯಲ್ಲಿದೆಯಾ ಅಂತ ತೋರಿಸುವ ಗ್ರಾಫ್) ಅಗ್ಗ. ಮೈಕ್ರೋಮೀಟರ್, ಗ್ರಾಫ್ ಹಾಳೆ ಇದ್ದರಾಯ್ತು. 1924ರಲ್ಲಿ ಅಮೆರಿಕದ ಇಂಜಿನಿಯರ್ ಶೂಹಾರ್ಟ್ ಈ ಚಾರ್ಟ್ ಶುರು ಮಾಡಿದ್ದೂ ಕಾಗದದ ಮೇಲೇ ಅಲ್ವಾ? ಗಂಟೆಗೊಮ್ಮೆ ಸಾಲಾಗಿ 5 ಪೀಸ್ ಅಳೆದು ಸರಾಸರಿ, ರೇಂಜ್ (ದೊಡ್ಡ, ಚಿಕ್ಕ ಅಳತೆಗಳ ಅಂತರ) ಗುರುತಿಸಿ. ಇಂಥ 25 ಗುಂಪು ಸೇರಿದ ಮೇಲೆ ಮಿತಿಯ ಗೆರೆ ಎಳೆಯಿರಿ. ಆ ಗೆರೆ ನಿಮ್ಮ ಅಳತೆಗಳಿಂದ ಬರಬೇಕು, ಗಿರಾಕಿ ಕೊಟ್ಟ ಟಾಲರೆನ್ಸ್‌ನಿಂದ (ಅಳತೆಯಲ್ಲಿ ಅವರು ಒಪ್ಪುವ ಹೆಚ್ಚು-ಕಮ್ಮಿ) ಅಲ್ಲ. ಜನ ಎಡವುವುದು ಇಲ್ಲೇ. ಹೊರವ್ಯಾಸದ ಚುಕ್ಕೆಗಳು ಮೆಲ್ಲಗೆ ಮೇಲೇರುತ್ತಿದ್ದರೆ ಮೊದಲು ಟೂಲ್ ಸವೆತ ನೋಡಿ.

ಗೇಜ್, ಮಾಲು, ಮೆಷಿನ್ ಮೂರರ ಮೇಲೂ ಅನುಮಾನವಿದ್ದು ಕಾರಣ ಸಿಗದಿದ್ದರೆ ಕನ್ಸಲ್ಟೆಂಟ್ ಫೀಸು ದಂಡವಲ್ಲ. ಆಡಿಟ್ ಗಡುವು ಹತ್ತಿರ ಬಂದಿದ್ದರೂ ಅಷ್ಟೇ. ಸುಮ್ನೆ ಫೈಲ್ ತುಂಬಿಸುವವರು ಬೇಡ, ಆಪರೇಟರ್ ಪಕ್ಕ ನಿಲ್ಲುವವರು ಬೇಕು. ದಿನಕ್ಕೊಂದು ಡ್ರಾಯಿಂಗ್ ಬರುವ ಜಾಬ್ ವರ್ಕ್ ಆದರೆ ಸದ್ಯಕ್ಕೆ ಎರಡೂ ಬೇಡ. ಮೊದಲ ಪೀಸ್ ಸರಿಯಾಗಿ ಚೆಕ್ ಮಾಡಿ.