12×36 ಲೇ-ಫ್ಲಾಟ್ ಆಲ್ಬಂ: ಬೈಂಡಿಂಗ್‌ಗೆ ಪೂರ್ತಿ ಅಂಕ, ಆರ್ಡರ್ ಫಾರ್ಮ್‌ಗೆ ಸೊನ್ನೆ

ಈಗ ನಾನು ಫೋಟೋ ತೆಗೆಯುವ ಮದುವೆಗಳ ಆಲ್ಬಂಗಳೆಲ್ಲ ಒಂದೇ ಲ್ಯಾಬಿನಲ್ಲಿ ತಯಾರಾಗುತ್ತವೆ, ಬಿಚ್ಚಿಟ್ಟಾಗ 12 ಇಂಚು ಎತ್ತರ, 36 ಇಂಚು ಅಗಲ. ಹೊಗಳಿಕೆಯ ಜತೆ ದೂರೂ ಇರುವುದರಿಂದ ಹೆಸರು ಬೇಡ.

ಮೊದಲು ಬೈಂಡಿಂಗ್. ಬಿಚ್ಚಿಟ್ಟರೆ ಶೀಟ್ ಮಟ್ಟಸವಾಗಿ ಮಲಗುತ್ತದೆ, ನಡುವೆ ಚಿತ್ರ ಒಳಕ್ಕೆ ಎಳೆದುಕೊಳ್ಳುವುದಿಲ್ಲ. ಹಾಗಂತ ಮಡಿಕೆಯ ಗೆರೆ ಮಾಯವಾಗುತ್ತದೆ ಅಂದುಕೊಳ್ಳಬೇಡಿ. ಗುಂಪು ಫೋಟೋ ಹರಡುವಾಗ ಆ ಗೆರೆ ಯಾರ ಮುಖದ ಮೇಲೂ ಬೀಳದೆ, ಇಬ್ಬರ ಭುಜಗಳ ನಡುವಿನ ಸಂದಿಗೆ ಬರುವಂತೆ ಚಿತ್ರವನ್ನು ಜರುಗಿಸಿ. ರೆಡಿಮೇಡ್ ಟೆಂಪ್ಲೇಟ್‌ಗಳಿಗೆ ಈ ಮರ್ಯಾದೆಯೆಲ್ಲ ಗೊತ್ತಿಲ್ಲ. ಹೂಬಳ್ಳಿ ಹಬ್ಬಿಸಿ, ಮದುಮಗಳ ಮೂಗನ್ನೇ ಸೀಳಿಬಿಡುತ್ತವೆ.

24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 ಪಿಕ್ಸೆಲ್ ಅಗಲದ ಚಿತ್ರವನ್ನು 36 ಇಂಚಿಗೆ ಹಿಗ್ಗಿಸಿದರೆ ಸಿಗುವುದು ಸುಮಾರು 167 ಡಿಪಿಐ, ಅಂದರೆ ಇಂಚಿಗೆ ಅಷ್ಟು ಚುಕ್ಕಿ. ಅಪ್‌ಲೋಡ್ ಮಾಡುವಾಗ ಲ್ಯಾಬಿನ ಸಾಫ್ಟ್‌ವೇರ್ ಕೆಂಪು ಗುರುತು ಹಾಕಿ ಹೆದರಿಸುತ್ತದೆ. ಫೋಕಸ್ ಸರಿಯಿದ್ದರೆ ಹೆದರಬೇಡಿ, ತೊಡೆಯ ಮೇಲಿಟ್ಟು ನೋಡುವ ದೂರಕ್ಕೆ ಅದು ಧಾರಾಳ ಸಾಕು. ಫೋಕಸ್ ತಪ್ಪಿದ್ದರೆ 300 ಡಿಪಿಐ ಕೂಡ ಕಾಪಾಡುವುದಿಲ್ಲ.

ಇನ್ನು ದೂರು. ಆರ್ಡರ್ ಫಾರ್ಮ್‌ನ ಕೆಳತುದಿಯಲ್ಲಿ 'ಆಟೋ ಕಲರ್ ಕರೆಕ್ಷನ್' ಅಂತ ಒಂದು ಸಾಲಿದೆ, ಅದಕ್ಕೆ ಅವರೇ ಟಿಕ್ ಹಾಕಿಟ್ಟಿರುತ್ತಾರೆ. ನೀವು ತೆಗೆಯದಿದ್ದರೆ ಪ್ರತಿ ಶೀಟ್ ಬೇರೆ ಬೇರೆಯಾಗಿ ತಿದ್ದಿಸಿಕೊಂಡು ಬರುತ್ತದೆ: ಒಂದರಲ್ಲಿ ಮದುಮಗನ ಮುಖ ಹಳದಿ, ಮುಂದಿನದರಲ್ಲಿ ಗುಲಾಬಿ. ಗಂಟೆಗಟ್ಟಲೆ ಕೂತು ಸ್ಕಿನ್ ಟೋನ್ ಹೊಂದಿಸಿದವರಿಗೆ ಇದು ಅವಮಾನವೇ ಸರಿ. ಫೈಲ್ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾನಕದಲ್ಲೇ ಕೊಡಿ. ಅವರು ಕೊಡುವ ಐಸಿಸಿ ಪ್ರೊಫೈಲ್ (ಅವರ ಪ್ರಿಂಟ್‌ನಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲ್) ಹಾಕಿ ಸಾಫ್ಟ್ ಪ್ರೂಫ್, ಅಂದರೆ ಪರದೆಯ ಮೇಲೇ ಪ್ರಿಂಟಿನ ಅಂದಾಜು ನೋಡಿದರೆ, ಕಡುಗೆಂಪು ಬಟ್ಟೆಯ ನೆರಿಗೆಗಳು ಎಲ್ಲಿ ಕರಗಿ ಒಂದೇ ಮುದ್ದೆಯಾಗುತ್ತವೆ ಅಂತ ಪ್ರಿಂಟ್‌ಗೆ ಮೊದಲೇ ತಿಳಿಯುತ್ತದೆ.

ಮಾರಾಟದ ಮಟ್ಟಿಗೆ ಈ ಅಳತೆಗೆ ಇನ್ನೊಂದು ಅನುಕೂಲವಿದೆ. 12×36 ಅನ್ನು ಹಾಗೇ ಕುಗ್ಗಿಸಿದರೆ 8×24, ಅನುಪಾತ ಅದೇ. ಎರಡೂ ಕಡೆಯ ಅಪ್ಪ-ಅಮ್ಮಂದಿರಿಗೆ ಚಿಕ್ಕ ಪ್ರತಿ ಬೇಕೆಂದರೆ ಡಿಸೈನ್ ಮುಟ್ಟಬೇಕಿಲ್ಲ, ಸಣ್ಣ ಅಕ್ಷರ ಓದಲು ಬರುತ್ತದೆಯೇ ಅಂತ ನೋಡಿದರಾಯಿತು. ಆದರೆ ಈ ಮಾತನ್ನು ಬುಕಿಂಗ್ ದಿನವೇ ಆಡಿ, ಸ್ಯಾಂಪಲ್ ಆಲ್ಬಂ ಅವರ ಕೈಯಲ್ಲಿರುವಾಗ. ಮೊಬೈಲಿನಲ್ಲಿ ಪಿಡಿಎಫ್ ತೋರಿಸಿದರೆ 'ಚೆನ್ನಾಗಿದೆ' ಅಂದು ವಾಪಸ್ ಕೊಡುತ್ತಾರೆ. ದಪ್ಪ ಶೀಟನ್ನು ಬೆರಳಲ್ಲಿ ತಿರುಗಿಸಿದವರು ತಾವಾಗಿಯೇ ದರ ಕೇಳುತ್ತಾರೆ. ಹೆಚ್ಚುವರಿ ಶೀಟಿನ ದರವನ್ನೂ ಆಗಲೇ ಬರೆದುಕೊಡಿ. ಡಿಸೈನ್ ಮುಗಿಸಿ ಆಮೇಲೆ 'ಐದು ಶೀಟ್ ಜಾಸ್ತಿ ಆಯಿತು' ಅನ್ನುವುದು ನನ್ನ ಕಣ್ಣಿಗೆ ವಸೂಲಿಯೇ.

ಕವರ್‌ಗೆ ವೆಲ್ವೆಟ್ ಬೇಡ, ಧೂಳು ಹಿಡಿಯುತ್ತದೆ. ಲೆದರೆಟ್ (ಕೃತಕ ಚರ್ಮ) ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಬಾಕ್ಸ್‌ಗೆ ಬೇರೆ ದುಡ್ಡು ಕೇಳುತ್ತಾರೆ, ಕೊಡಬಹುದು.