ಪರದೆಯಲ್ಲಿ ಸರಿಯಿದ್ದ ಕನ್ನಡ ಕಾರ್ಡಿನಲ್ಲಿ ಒಡೆದುಹೋಯಿತು: ಪ್ರೇಮಿಗಳ ದಿನಕ್ಕೆ ಕಾರ್ಡ್ ಮಾಡಿಸುವವರಿಗೆ ಎಚ್ಚರಿಕೆ

ಪ್ರೇಮಿಗಳ ದಿನಕ್ಕೆಂದು ಜಾಲತಾಣದ ಮೂಲಕ ಕಾರ್ಡ್ ಮಾಡಿಸಿ, ಅದರಲ್ಲಿ ಹೆಸರು, ಚಿತ್ರ ಮತ್ತು ಕನ್ನಡದ ನಾಲ್ಕು ಸಾಲುಗಳನ್ನು ಹಾಕಿಸಬೇಕೆಂದಿರುವವರು ಹಣ ಪಾವತಿಸುವ ಮುನ್ನ ಒಂದು ಸಂಗತಿಯನ್ನು ತಿಳಿದಿರಬೇಕು. ಪರದೆಯ ಮೇಲೆ ಕಾಣುವ ಮುನ್ನೋಟವೂ ಮುದ್ರಣಯಂತ್ರಕ್ಕೆ ಹೋಗುವ ಕಡತವೂ ಒಂದೇ ಎಂದು ನಂಬುವಂತಿಲ್ಲ. ಅವೆರಡನ್ನೂ ಬೇರೆ ಬೇರೆ ತಂತ್ರಾಂಶಗಳು ಸಿದ್ಧಪಡಿಸಿರಬಹುದು. ಇಂಗ್ಲಿಷ್ ಅಕ್ಷರಗಳ ಮಟ್ಟಿಗೆ ಆ ವ್ಯತ್ಯಾಸ ಕಣ್ಣಿಗೆ ಬೀಳದಿದ್ದರೂ ಕನ್ನಡದ ಮಟ್ಟಿಗೆ ಅದು ಇಡೀ ಕಾರ್ಡನ್ನೇ ಕೆಡಿಸಬಲ್ಲದು. ನನ್ನ ಪಾಲಿಗೆ ಆದದ್ದೂ ಅದೇ.

ಕಳೆದ ಫೆಬ್ರುವರಿಯಲ್ಲಿ ಪತ್ನಿಗೆ ಕೊಡಲೆಂದು ಕಾರ್ಡುಗಳಿಗೇ ಮೀಸಲಾದ ಒಂದು ಜಾಲತಾಣದಲ್ಲಿ ವಿನ್ಯಾಸವೊಂದನ್ನು ಆರಿಸಿದೆ. ಮುಖಪುಟದಲ್ಲಿ ನಮ್ಮಿಬ್ಬರ ಚಿತ್ರ, ಒಳಪುಟದಲ್ಲಿ ನಾನೇ ಬರೆದ ಸಾಲುಗಳು. ಮುನ್ನೋಟವನ್ನು ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ದೊಡ್ಡದು ಮಾಡಿ ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಹದಿಮೂರನೆಯ ತಾರೀಖಿನ ಸಂಜೆ ಕೈಸೇರಿದ ಕಾರ್ಡಿನಲ್ಲಿ ‘ಪ್ರೀತಿ’ ಎಂಬುದು ‘ಪ್‌ರೀತಿ’ ಆಗಿತ್ತು, ‘ಸ್ನೇಹ’ವು ‘ಸ್‌ನೇಹ’ವಾಗಿತ್ತು. ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದವು. ‘ತಿ’ ಬರಬೇಕಾದಲ್ಲಿ ‘ತ’ಕಾರದ ತಲೆಕಟ್ಟು ಹಾಗೇ ಉಳಿದು ಅದರ ಮೇಲೆಯೇ ಗುಡಿಸು ಬಂದು ಕೂತಿತ್ತು. ಸಾಲಿನ ಕೊನೆಯಲ್ಲಿದ್ದ ಹೃದಯದ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ. ಓದಲು ಅಸಾಧ್ಯವೆಂದೇನಲ್ಲ, ಆದರೆ ಪ್ರೀತಿಯ ಮಾತನ್ನು ಹಾಗೆ ತಡವರಿಸುತ್ತ ಓದಿಸುವ ಕಾರ್ಡನ್ನು ಯಾರ ಕೈಗೂ ಕೊಡಲಾಗುವುದಿಲ್ಲ.

ಇದು ಹೇಗಾಯಿತೆಂದು ತಿಳಿದರೆ ಮುಂಚೆಯೇ ಪತ್ತೆಹಚ್ಚುವುದು ಸುಲಭ. ಯುನಿಕೋಡ್‌ನಲ್ಲಿ ‘ಪ್ರೀ’ ಎಂಬ ಅಕ್ಷರ ಒಂದೇ ತುಂಡಾಗಿ ಇರುವುದಿಲ್ಲ. ‘ಪ’, ಅದರ ಸ್ವರವನ್ನು ತೆಗೆದು ಅರ್ಧಾಕ್ಷರವಾಗಿಸುವ ಗುರುತು, ‘ರ’ ಮತ್ತು ‘ಈ’ಕಾರದ ಗುರುತು ಎಂಬ ನಾಲ್ಕು ಸಂಕೇತಗಳ ಸಾಲಾಗಿ ಅದು ಸಂಗ್ರಹವಾಗಿರುತ್ತದೆ. ಅವುಗಳನ್ನು ಜೋಡಿಸಿ, ಫಾಂಟಿನೊಳಗಿರುವ ನಿಯಮಗಳ ಪ್ರಕಾರ ಒತ್ತನ್ನೂ ಗುಣಿತವನ್ನೂ ರೂಪಿಸುವುದು ಇನ್ನೊಂದು ತಂತ್ರಾಂಶದ ಕೆಲಸ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಆ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಅಚ್ಚುಕಟ್ಟಾಗಿ ಮಾಡುತ್ತದೆ, ಆದ್ದರಿಂದಲೇ ಮುನ್ನೋಟ ಸರಿಯಾಗಿ ಕಾಣುತ್ತದೆ. ಮುದ್ರಣಕ್ಕೆ ಪಿಡಿಎಫ್ ತಯಾರಿಸುವ ಕಡೆ ಈ ಜೋಡಣೆ ನಡೆಯದಿದ್ದರೆ ಸಂಕೇತಗಳು ಬಂದ ಕ್ರಮದಲ್ಲೇ ಸಾಲಾಗಿ ಅಚ್ಚಾಗುತ್ತವೆ. ದೊಡ್ಡ ವೃತ್ತಿಪರ ತಂತ್ರಾಂಶಗಳೂ ಇದಕ್ಕೆ ಹೊರತಲ್ಲ: ಅಡೋಬಿ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದೆ ಕನ್ನಡ ಹಾಕಿದರೆ ಒತ್ತಕ್ಷರಗಳು ಇದೇ ರೀತಿ ಬಿಡಿಬಿಡಿಯಾಗುತ್ತವೆ.

ಫಾಂಟಿನದು ಇನ್ನೊಂದು ಮೋಸ. ಸಿದ್ಧ ವಿನ್ಯಾಸಗಳಲ್ಲಿರುವ ಬಳುಕುವ, ಚೆಂದದ ಅಕ್ಷರಗಳಲ್ಲಿ ಬಹುಪಾಲು ಕನ್ನಡವೇ ಇರುವುದಿಲ್ಲ. ಅಂಥ ಫಾಂಟಿನಲ್ಲಿ ನೀವು ಕನ್ನಡ ಟೈಪಿಸಿದಾಗ ಬ್ರೌಸರ್ ನಿಮ್ಮನ್ನು ಕೇಳದೆ ನಿಮ್ಮದೇ ಮೊಬೈಲಿನಲ್ಲಿರುವ ಕನ್ನಡ ಫಾಂಟನ್ನು ಎರವಲು ತಂದು ತೋರಿಸುತ್ತದೆ. ಮುದ್ರಿಸುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಲ್ಲಿ ಚೌಕಗಳೋ ವಿಕಾರ ರೂಪಗಳೋ ಬರುತ್ತವೆ. ಇದನ್ನು ಪರೀಕ್ಷಿಸಲು ಸರಳ ಉಪಾಯವಿದೆ. ಕನ್ನಡದ ಸಾಲನ್ನು ಆರಿಸಿಕೊಂಡು ಫಾಂಟನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿ. ಇಂಗ್ಲಿಷ್ ಅಕ್ಷರಗಳ ರೂಪ ಬದಲಾಗಿ ಕನ್ನಡದ್ದು ಮಾತ್ರ ಕದಲದೆ ಹಾಗೇ ಇದ್ದರೆ ಅದು ಎರವಲು ಅಕ್ಷರವೆಂದೇ ತಿಳಿಯಬೇಕು. ಪಟ್ಟಿಯಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡದಂಥ ಫಾಂಟುಗಳು ಹೆಸರಿನಿಂದಲೇ ಕಂಡರೆ ತಕ್ಕಮಟ್ಟಿಗೆ ಭರವಸೆ ಇಡಬಹುದು, ಪೂರ್ತಿಯಾಗಿ ಅಲ್ಲ. ಪರಿಚಯದ ಡಿಟಿಪಿಯವರ ಬಳಿ ಮಾಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಕೆಲಸ ಮಾಡುತ್ತಿದ್ದರೆ ನೀವು ಕಳುಹಿಸಿದ ಯುನಿಕೋಡ್ ಸಾಲನ್ನು ಪರಿವರ್ತಿಸಬೇಕಾಗುತ್ತದೆ ಅಥವಾ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಎರಡರಲ್ಲೂ ತಪ್ಪು ನುಸುಳುವ ಅವಕಾಶವಿದೆ.

ಹೆಸರುಗಳ ವಿಷಯದಲ್ಲಂತೂ ಇನ್ನಷ್ಟು ಜಾಗರೂಕತೆ ಬೇಕು. ‘ರಾಜ್‌ಕುಮಾರ್’ ಎಂಬಂಥ ಹೆಸರಿನಲ್ಲಿ ‘ಜ್’ ಮತ್ತು ‘ಕು’ಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ, ಅದೇ ‘ಕು’ವನ್ನು ಒತ್ತಾಗದಂತೆ ತಡೆದಿರುತ್ತದೆ. ಕೆಲವು ಜಾಲತಾಣಗಳು ಕಾಣದ ಸಂಕೇತಗಳನ್ನು ಅನಗತ್ಯವೆಂದು ಅಳಿಸಿಹಾಕುತ್ತವೆ, ಆಗ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ. ಕಾರ್ಡಿನಲ್ಲಿ ಉಳಿದದ್ದು ಏನೇ ಕೆಟ್ಟರೂ ಕ್ಷಮಿಸುವವರು ತಮ್ಮ ಹೆಸರು ಕೆಟ್ಟದ್ದನ್ನು ಕ್ಷಮಿಸುವುದಿಲ್ಲ, ಅದು ನ್ಯಾಯವೂ ಹೌದು.

ದೂರು ಕೊಟ್ಟಾಗ ಬಂದ ಉತ್ತರವೇ ನನ್ನನ್ನು ಹೆಚ್ಚು ಕೆರಳಿಸಿತು. ‘ಕಾಗುಣಿತವನ್ನು ಪರಿಶೀಲಿಸಿದ್ದೇನೆ, ಮುದ್ರಣಕ್ಕೆ ಒಪ್ಪಿಗೆ ಇದೆ’ ಎಂಬ ಚೌಕಕ್ಕೆ ಗುರುತು ಹಾಕಿದ್ದರಿಂದ ಹೊಣೆ ನನ್ನದೇ ಎಂದರು. ನಾನು ಒಪ್ಪಿದ್ದು ಮುನ್ನೋಟದಲ್ಲಿ ಕಂಡ ಸಾಲನ್ನು. ಅವರು ಅಚ್ಚುಮಾಡಿದ್ದು ಬೇರೆಯದನ್ನು. ಅದೃಷ್ಟಕ್ಕೆ ಮುನ್ನೋಟದ ಸ್ಕ್ರೀನ್‌ಶಾಟ್ ಇತ್ತು. ಅದನ್ನೂ ಕಾರ್ಡಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಕಳುಹಿಸಿದ ಮೇಲೆ ಮಾತಿನ ಧಾಟಿ ಬದಲಾಯಿತಾದರೂ ಹಣದ ಬದಲು ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ನೀಡುವುದಾಗಿ ಹೇಳಿದರು. ಅದನ್ನು ನಿರಾಕರಿಸಿ ಪಟ್ಟುಹಿಡಿದ ಬಳಿಕ ಕಾರ್ಡಿನ ಹಣ ಹಿಂತಿರುಗಿತು, ಸಾಗಣೆ ವೆಚ್ಚ ಬರಲಿಲ್ಲ.

ಹೆಸರು ಹಾಕಿಸಿದ ವಸ್ತುವನ್ನು ಹಿಂತಿರುಗಿಸಲಾಗದು ಎಂಬ ಷರತ್ತು ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತದೆ, ಅದಕ್ಕೆ ಕಾನೂನಿನ ಬೆಂಬಲವೂ ಕೆಲವೆಡೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಜಾಲತಾಣದಿಂದ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತಿರುಗಿಸುವ ಹಕ್ಕನ್ನು ನೀಡುವ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವೇ ಗ್ರಾಹಕರ ಸೂಚನೆಯಂತೆ ತಯಾರಿಸಿದ ವಸ್ತುಗಳನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ. ಆದರೆ ಮನಸ್ಸು ಬದಲಾದದ್ದು ಬೇರೆ, ವಸ್ತುವೇ ದೋಷಪೂರಿತವಾಗಿರುವುದು ಬೇರೆ. ಮಾರಾಟಗಾರರು ಇವೆರಡನ್ನೂ ಒಂದೇ ಎಂಬಂತೆ ಬೆರೆಸಿ ಮಾತನಾಡಿದರೆ ಒಪ್ಪಬೇಡಿ.

ಚಿತ್ರದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎ6 ಅಳತೆಯ, ಎಂದರೆ 105×148 ಮಿಲಿಮೀಟರ್‌ನ ಮುಖಪುಟವನ್ನು 300 ಡಿಪಿಐನಲ್ಲಿ, ಎಂದರೆ ಇಂಚಿಗೆ 300 ಚುಕ್ಕಿಗಳಂತೆ, ತುಂಬಲು ಸುಮಾರು 1240×1748 ಪಿಕ್ಸೆಲ್‌ಗಳ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಹಂಚಿಕೊಂಡ ಚಿತ್ರ ಕುಗ್ಗಿರುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಂಡರೆ ಮೂಲ ಪ್ರತಿಯೇ ಸಿಗುತ್ತದೆ. ಅಂಚಿನಲ್ಲಿ ಸಾಮಾನ್ಯವಾಗಿ 3 ಮಿಲಿಮೀಟರ್‌ನಷ್ಟು ಭಾಗ ಕತ್ತರಿಸಿಹೋಗಲೆಂದೇ ಇರುತ್ತದೆ, ಆದ್ದರಿಂದ ಮುಖವನ್ನಾಗಲಿ ಹೆಸರನ್ನಾಗಲಿ ಅಂಚಿಗೆ ತಾಗಿಸಿ ಇಡಬಾರದು. ಪರದೆಯಲ್ಲಿ ಹೊಳೆಯುವ ಕಡುಗುಲಾಬಿ ಬಣ್ಣ ಬೆಳಕಿನಿಂದ ಆದದ್ದು. ನಾಲ್ಕು ಬಣ್ಣದ ಶಾಯಿಯಿಂದ ಕಾಗದದ ಮೇಲೆ ಅದೇ ಹೊಳಪು ಬರುವುದಿಲ್ಲ. ಈ ಮಂಕನ್ನು ಮಾತ್ರ ನಾನು ಮಾರಾಟಗಾರರ ತಪ್ಪೆನ್ನುವುದಿಲ್ಲ.

ಹಾಗಾದರೆ ಕನ್ನಡದ ಕಾರ್ಡ್ ಮಾಡಿಸಲೇಬಾರದೆ? ಮಾಡಿಸಬಹುದು. ಆದರೆ ಮುದ್ರಣಕ್ಕೆ ಹೋಗುವ ಪಿಡಿಎಫ್ ಅನ್ನೇ ಕಳುಹಿಸಿಕೊಡುವಂತೆ ಕೇಳಿ, ಕೊಡಲು ಒಪ್ಪದವರಲ್ಲಿ ಕನ್ನಡದ ಸಾಲನ್ನು ಅಕ್ಷರರೂಪದಲ್ಲಿ ಹಾಕಬೇಡಿ. ಅದರ ಬದಲು ಕನ್ನಡ ಸರಿಯಾಗಿ ಮೂಡುವ ತಂತ್ರಾಂಶದಲ್ಲಿ ಸಾಲನ್ನು ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಚಿತ್ರ ಸೇರಿಸುವ ಗುಂಡಿಯ ಮೂಲಕವೇ ಕಾರ್ಡಿಗೆ ಸೇರಿಸಿ. ಚಿತ್ರವಾದ ಅಕ್ಷರವನ್ನು ಯಾವ ಯಂತ್ರವೂ ಮತ್ತೆ ಬಿಡಿಸಿ ಜೋಡಿಸುವುದಿಲ್ಲ. ಅಕ್ಷರಗಳ ಅಂಚು ಒರಟಾಗದಿರಲು ಚಿತ್ರವನ್ನು ಸಾಕಷ್ಟು ದೊಡ್ಡ ಅಳತೆಯಲ್ಲಿ ಉಳಿಸಬೇಕು.

ಇದಕ್ಕಿಂತ ನನಗೆ ಮೆಚ್ಚುಗೆಯಾದ ದಾರಿಯೆಂದರೆ ಒಳಪುಟವನ್ನು ಖಾಲಿ ಬಿಡಿಸಿ ಸಾಲುಗಳನ್ನು ಬೇರೆ ಕಾಗದದಲ್ಲಿ ಬರೆದೋ ಮುದ್ರಿಸಿಯೋ ಅಂಟಿಸುವುದು. ಇದೇನೂ ಹೊಸ ಉಪಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರೇಮಿಗಳ ದಿನದ ಕಾರ್ಡುಗಳನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ಎಸ್ತರ್ ಹೌಲೆಂಡ್ 1879ರಲ್ಲಿ 131 ಪದ್ಯಗಳ ಒಂದು ಪುಸ್ತಿಕೆಯನ್ನು ಹೊರತಂದಿದ್ದರು. ಕಾರ್ಡ್ ಇಷ್ಟವಾಗಿ ಅದರೊಳಗಿನ ಪದ್ಯ ಇಷ್ಟವಾಗದವರು ಅದರಿಂದ ತಮಗೆ ಬೇಕಾದ ಪದ್ಯವನ್ನು ಆರಿಸಿ ಹಳೆಯದರ ಮೇಲೆ ಅಂಟಿಸಿಕೊಳ್ಳಬಹುದಾಗಿತ್ತು. ಆ ಸಂಜೆ ನಾನು ಮಾಡಿದ್ದೂ ಅದನ್ನೇ. ಒಡೆದ ಅಕ್ಷರಗಳ ಮೇಲೆ ತುಸು ದಪ್ಪನೆಯ ಕಾಗದದಲ್ಲಿ ಸಾಲುಗಳನ್ನು ಕೈಯಿಂದ ಬರೆದು ಅಂಟಿಸಿದೆ. ನೀರು ಹೆಚ್ಚಿರುವ ಗೋಂದಿನಿಂದ ಕಾಗದ ಸುಕ್ಕುಗಟ್ಟುತ್ತದೆ, ಅಂಟುಕಡ್ಡಿಯಾದರೆ ಆ ಭಯ ಕಡಿಮೆ.

ಕೈಯಲ್ಲೇ ಬರೆಯುವವರು ಕಾರ್ಡ್ ಆರಿಸುವಾಗಲೇ ಒಳಪುಟ ಹೊಳಪಿನದೋ ಒರಟಿನದೋ ಎಂದು ವಿಚಾರಿಸಬೇಕು. ಲ್ಯಾಮಿನೇಷನ್ ಇರುವ ನುಣುಪು ಮೇಲ್ಮೈಯಲ್ಲಿ ಜೆಲ್ ಪೆನ್ನಿನ ಶಾಯಿ ಬೇಗ ಒಣಗದೆ ಬೆರಳು ತಾಗಿದಲ್ಲೆಲ್ಲ ಹರಡುತ್ತದೆ. ಇಡೀ ಕಾರ್ಡನ್ನೇ ಮನೆಯಲ್ಲಿ ಮಾಡುವವರಿಗೆ ಎ5 ಅಳತೆಯ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಆಸುಪಾಸಿನ ಹಾಳೆ ಸಾಕು. ಮಡಿಸುವ ಮೊದಲು ಸ್ಕೇಲ್ ಇಟ್ಟು ಶಾಯಿ ಮುಗಿದ ಪೆನ್ನಿನಿಂದ ಗೆರೆ ಎಳೆದರೆ ಮಡಿಕೆ ಬಿರಿಯುವುದಿಲ್ಲ. ಮಡಿಸಿದಾಗ ಅದು ಎ6 ಆಗುತ್ತದೆ, ಅದಕ್ಕೆ ಸಿ6 ಲಕೋಟೆ, ಎಂದರೆ 114×162 ಮಿಲಿಮೀಟರ್‌ನದು, ಸರಿಹೊಂದುತ್ತದೆ.

ದಿನಾಂಕದ ವಿಷಯದಲ್ಲಿ ‘ಇಷ್ಟು ದಿನಗಳಲ್ಲಿ ರವಾನೆ’ ಎಂಬ ಮಾತನ್ನು ‘ಇಷ್ಟು ದಿನಗಳಲ್ಲಿ ಕೈಗೆ’ ಎಂದು ಓದಿಕೊಳ್ಳಬಾರದು. ಅದರಲ್ಲೂ ಆ ಲೆಕ್ಕ ಬಹಳಷ್ಟು ಬಾರಿ ಕೆಲಸದ ದಿನಗಳದ್ದು. 2027ರ ಫೆಬ್ರುವರಿ 14 ಭಾನುವಾರ ಬರುತ್ತದೆ. ಕೆಟ್ಟು ಬಂದರೆ ಇನ್ನೊಮ್ಮೆ ಅಚ್ಚುಮಾಡಿಸುವಷ್ಟು ಸಮಯ ಇಟ್ಟುಕೊಳ್ಳಬೇಕೆಂದರೆ ಜನವರಿಯಲ್ಲೇ ಕಾರ್ಡ್ ಕೈಸೇರಬೇಕು.

ಕೊನೆಯದಾಗಿ, ನೀವು ಹಾಕಿದ ಚಿತ್ರವೂ ಖಾಸಗಿ ಸಾಲುಗಳೂ ಆ ಜಾಲತಾಣದ ನಿಮ್ಮ ಖಾತೆಯಲ್ಲಿ ಉಳಿದಿರುತ್ತವೆ. ನನ್ನ ಕಾರ್ಡಿನ ಮುನ್ನೋಟವನ್ನು ಹಂಚಿಕೊಳ್ಳಲು ಅವರು ಕೊಟ್ಟಿದ್ದ ಕೊಂಡಿ ಲಾಗಿನ್ ಇಲ್ಲದೆಯೂ ತೆರೆದುಕೊಳ್ಳುತ್ತಿತ್ತು. ಅದನ್ನು ಅಳಿಸುವುದು ಅಗತ್ಯವೇ, ಆದರೆ ದೂರು ನಡೆಯುತ್ತಿರುವಾಗ ಅಳಿಸಬೇಡಿ. ಆ ವಿನ್ಯಾಸವೇ ನಿಮ್ಮ ಪರವಾದ ಪುರಾವೆ. ಹಣ ಬ್ಯಾಂಕಿಗೆ ಜಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ ಮೊದಲು ಚಿತ್ರಗಳನ್ನು, ಆಮೇಲೆ ವಿನ್ಯಾಸವನ್ನು, ಕೊನೆಗೆ ಖಾತೆಯನ್ನೇ ಅಳಿಸಿ.