ಗೀವರ್ ತವರದ ಗಣಿ: ಬಟ್ಟೆ ಬದಲಿಸುವ ಕೋಣೆಗೆ ಒಂದು ಗಂಟೆ ಮೀಸಲಿಡಿ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ, ಪೆಂಡೀನ್ ಹಳ್ಳಿಯ ಬಳಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ನಿಂತಿರುವ ಗೀವರ್ ತವರದ ಗಣಿ 1990ರಲ್ಲಿ ಮುಚ್ಚಿತು. 1993ರಿಂದ ಅದು ವಸ್ತುಸಂಗ್ರಹಾಲಯ. ಭೂಮಿಯೊಳಗೆ ದುಡಿದವನ ಬದುಕನ್ನೂ ಸಾವನ್ನೂ ಇಷ್ಟು ಹತ್ತಿರದಿಂದ ತೋರಿಸುವ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ತಂದೆ ಕೆಜಿಎಫ್‌ನಲ್ಲಿ ಕೆಲಸ ಮಾಡಿದವರು. ನಾನು ಅಷ್ಟು ದೂರ ಹೋದದ್ದು ಆ ಕಾರಣಕ್ಕೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಟೇಲರ್ ಕಂಪನಿಯು ಕೋಲಾರದಲ್ಲಿ ಚಿನ್ನ ತೆಗೆಯಲು ಹೊರಟಾಗ, ಕೆಲಸ ಬಲ್ಲವರೆಂದು ಬಂದವರಲ್ಲಿ ಕಾರ್ನ್‌ವಾಲ್ ಸೀಮೆಯ ಗಣಿಗಾರರೂ ಇದ್ದರು.

ಸಂದರ್ಶಕರನ್ನು ಕರೆದೊಯ್ಯುವ ಸುರಂಗದ ಹೆಸರು ವೀಲ್ ಮೆಕ್ಸಿಕೊ. ಹೆಲ್ಮೆಟ್ ಕೊಡುತ್ತಾರೆ, ಅದು ನಿಜಕ್ಕೂ ಬೇಕು. ಹದಿನೆಂಟನೆಯ ಶತಮಾನದವರು ಕೈಯಿಂದ ಕಡಿದ ದಾರಿ ಅದು. ಅನೇಕ ಕಡೆ ನಡು ಬಗ್ಗಿಸಿಯೇ ಸಾಗಬೇಕು. ಅಂದಿನವರು ಗಟ್ಟಿ ಟೋಪಿಯ ಮುಂಭಾಗಕ್ಕೆ ಹಸಿ ಜೇಡಿಮಣ್ಣಿನ ಉಂಡೆ ಮೆತ್ತಿ, ಅದರಲ್ಲಿ ಮೇಣದಬತ್ತಿ ಸಿಕ್ಕಿಸಿಕೊಂಡು ಇಂಥ ಕಡೆಯಲ್ಲೇ ದಿನ ಕಳೆದರು. ಮಂಡಿನೋವಿನವರು, ಇಕ್ಕಟ್ಟಿಗೆ ಹೆದರುವವರು ಈ ಭಾಗವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಡ್ರೈ’ ಎಂದು ಕರೆಯುವ ಕೋಣೆ. ಶಿಫ್ಟ್ ಮುಗಿಸಿ ತೊಯ್ದು ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಒದ್ದೆ ಬಟ್ಟೆಯನ್ನು ಮರುದಿನಕ್ಕೆ ಒಣಗಲು ಬಿಡುತ್ತಿದ್ದ ಜಾಗ. ಗಣಿ ಮುಚ್ಚಿದಾಗ ಅವರು ಬಿಟ್ಟುಹೋದಂತೆಯೇ ಅದನ್ನು ಉಳಿಸಿಕೊಂಡಿದ್ದಾರೆ. ಲಾಕರ್ ಬಾಗಿಲುಗಳ ಮೇಲೆ ಸ್ಟಿಕ್ಕರ್‌ಗಳು ಇನ್ನೂ ಅಂಟಿಕೊಂಡಿವೆ. ತೂಗುಹಾಕಿದ ಒಂದು ಮೇಲಂಗಿಯ ಮೊಣಕೈ ಮಡಿಕೆ ಮಣ್ಣು ಹಿಡಿದು ಹಾಗೇ ಸೆಟೆದುಕೊಂಡಿತ್ತು, ಒಳಗೆ ತೋಳು ಇರುವಂತೆ. ನಮ್ಮಮ್ಮ ತಂದೆಯ ಬಟ್ಟೆಯನ್ನು ಮನೆಯೊಳಗೆ ತರಲು ಬಿಡದೆ ಹಿತ್ತಿಲ ಕಲ್ಲಿನ ಮೇಲೆ ಕೊಡವಿ, ಜೇಬನ್ನು ಹೊರಗೆಳೆದು ದೂಳು ಜಾಡಿಸಿ, ಆಮೇಲೆ ನೆನೆಹಾಕುತ್ತಿದ್ದರು. ಆ ಬೂದುಬಣ್ಣದ ನೀರು ನನಗೆ ಅಲ್ಲಿ ನಿಂತಾಗ ನೆನಪಾಯಿತು.

ಆ ದೂಳಿನ ವಿಷಯ ತಿಳಿದುಕೊಂಡು ಹೋದರೆ ಡ್ರೈ ಕೋಣೆ ಇನ್ನಷ್ಟು ಅರ್ಥವಾಗುತ್ತದೆ. ನೀರು ಹಾಯಿಸದೆ ಬಂಡೆ ಕೊರೆಯುತ್ತಿದ್ದ ಮೊದಮೊದಲ ಡ್ರಿಲ್ಲಿಂಗ್ ಯಂತ್ರಗಳಿಂದ ಏಳುತ್ತಿದ್ದ ಸಿಲಿಕಾದ ಪುಡಿ ಶ್ವಾಸಕೋಶದಲ್ಲಿ ಕೂತು, ವರ್ಷಗಳ ನಂತರ ಉಸಿರನ್ನೇ ಕಟ್ಟಿಸುತ್ತಿತ್ತು. ಗಣಿಗಾರರು ಆ ಯಂತ್ರವನ್ನು ವಿಧವೆಯರನ್ನು ಮಾಡುವ ಯಂತ್ರವೆಂದೇ ಕರೆದರು. ಕೆಜಿಎಫ್‌ನಲ್ಲಿ ಬೆಳೆದವರಿಗೆ ಸಿಲಿಕೋಸಿಸ್‌ನ ಕೆಮ್ಮನ್ನು ಬೇರೆ ಹೇಳಬೇಕಾಗಿಲ್ಲ.

ಪಕ್ಕದಲ್ಲೇ ಇರುವ ಲೆವಂಟ್ ಗಣಿಯನ್ನೂ ತಪ್ಪದೆ ನೋಡಿ. ಅಲ್ಲಿ ಶಾಫ್ಟ್‌ನೊಳಗೆ, ಅಂದರೆ ಗಣಿಗಿಳಿಯುವ ಆಳದ ಬಾವಿಯೊಳಗೆ, ಮೇಲಕ್ಕೂ ಕೆಳಕ್ಕೂ ಆಡುವ ಉದ್ದನೆಯ ಮರದ ತೊಲೆಯೊಂದಿತ್ತು. ಅದರ ಪುಟ್ಟ ಮೆಟ್ಟಿಲಿಂದ ಗೋಡೆಯ ಅಟ್ಟಣಿಗೆಗೆ, ಅಟ್ಟಣಿಗೆಯಿಂದ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತ ಕಾರ್ಮಿಕರು ಏರಿ ಇಳಿಯುತ್ತಿದ್ದರು. 1919ರ ಅಕ್ಟೋಬರ್ 20ರಂದು, ಶಿಫ್ಟ್ ಮುಗಿಸಿದವರು ಮೇಲೇರುತ್ತಿರುವಾಗ, ತೊಲೆಯ ತುದಿಯ ಜೋಡಣೆ ಮುರಿದು 31 ಮಂದಿ ಸತ್ತರು. ಅಂದಿನ ಕೆಲಸವನ್ನು ಪೂರೈಸಿ ಮನೆಗೆ ಹೊರಟಿದ್ದವರು ಅವರು.

ನಮ್ಮ ಕೆಜಿಎಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ ಇದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಗಳು ಮುಚ್ಚಿದ ಮೇಲೆ ಶಾಫ್ಟ್‌ಗಳಲ್ಲಿ ನೀರು ತುಂಬಿಕೊಂಡಿತು. ಕೆಳಗಿಳಿದು ನೋಡುವುದು ಸಾಧ್ಯವಾಗದಿದ್ದರೂ, ಬಟ್ಟೆ ಬದಲಿಸುತ್ತಿದ್ದ ಒಂದು ಕೋಣೆಯನ್ನಾದರೂ ಹೀಗೆ ಉಳಿಸಿಕೊಳ್ಳಬಹುದು ಎಂಬ ಆಸೆ ನನ್ನದು.

ಹೋಗುವವರು ಬೆಳಿಗ್ಗೆಯೇ ಹೋಗಿ. ಯಂತ್ರಗಳ ಮನೆಗಳನ್ನು ಬೇಗ ನೋಡಿ ಮುಗಿಸಬಹುದು. ಡ್ರೈ ಕೋಣೆಗೆ ಮಾತ್ರ ಒಂದು ಗಂಟೆ ಇಟ್ಟುಕೊಳ್ಳಿ, ಮಕ್ಕಳಿದ್ದರೆ ಅವರನ್ನೂ ಲಾಕರ್‌ಗಳ ಸಾಲಿನುದ್ದಕ್ಕೂ ನಿಧಾನವಾಗಿ ನಡೆಸಿ.